ನೇರ ಗೆರೆ ಎಳೆದರೆ ಆಂಡ್ರೂಸ್ ಮೇಲೆ: ಸಿಮ್‌ನಲ್ಲಿ ವಾಷಿಂಗ್ಟನ್ ಬಳಸಿ ಹಾರುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವನು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಹಾರಿಸುತ್ತೇನೆ. ಅಕ್ಕನ ಮನೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್‌ನಲ್ಲಿದೆ. ಅಲ್ಲಿಂದ ಹೊರಟು ಚೆಸಪೀಕ್ ಕೊಲ್ಲಿಯ ಟ್ಯಾಂಜಿಯರ್ ದ್ವೀಪದಲ್ಲಿ ಇಳಿಯುವ ಆಸೆ. ಜಿಪಿಎಸ್‌ನ ಗುಲಾಬಿ ಗೆರೆ ಹಿಡಿದು ಹೋಗದೆ, ನೆಲ ನೋಡಿಕೊಂಡೇ ಹಾರಬೇಕು ಅಂತಿದ್ದೇನೆ. ಆದರೆ ಚಾರ್ಟ್ ತೆರೆದರೆ ಎಲ್ಲಿ ನೋಡಿದರೂ ವೃತ್ತಗಳು, ‘ಪಿ’ಗಳು, ‘ಆರ್’ಗಳು. ಸಿಮ್‌ನಲ್ಲಿ ಯಾರೂ ತಡೆಯುವುದಿಲ್ಲ, ನಿಜ. ಆದರೂ ನಿಜವಾದ ಪೈಲಟ್ ಆಗಿದ್ದರೆ ಈ ದಾರಿಯನ್ನು ಹೇಗೆ ಹಾಕುತ್ತಿದ್ದರು?

ಉತ್ತರ: ನಿಮಗೆ ಗೊತ್ತಿತ್ತೋ ಇಲ್ಲವೋ, ಅಮೆರಿಕದಲ್ಲಿ ಸಣ್ಣ ವಿಮಾನಕ್ಕೆ ಇದಕ್ಕಿಂತ ಇಕ್ಕಟ್ಟಿನ ಆಕಾಶ ಸಿಗುವುದು ಕಷ್ಟ. ಅದಕ್ಕೇ ಅಭ್ಯಾಸಕ್ಕೆ ಇದು ಬಹಳ ಒಳ್ಳೆಯದು.

ಮೊದಲು ಒಂದು ಕೆಲಸ ಮಾಡಿ. ಫ್ರೆಡರಿಕ್‌ನಿಂದ ಟ್ಯಾಂಜಿಯರ್‌ಗೆ ಸುಮ್ನೆ ಒಂದು ನೇರ ಗೆರೆ ಎಳೆಯಿರಿ. ಉದ್ದ ಸುಮಾರು 115 ಮೈಲಿ. (ಇಲ್ಲಿ ಮೈಲಿ ಅಂದಲ್ಲೆಲ್ಲ ನಾಟಿಕಲ್ ಮೈಲಿ.) ಆ ಗೆರೆ ಎಲ್ಲೆಲ್ಲಿ ಹಾಯುತ್ತದೆ ನೋಡಿ. ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣದಿಂದ ಆರೇಳು ಮೈಲಿ ಪೂರ್ವಕ್ಕೆ. ಹೆಚ್ಚು ಕಡಿಮೆ ಆಂಡ್ರೂಸ್ ವಾಯುನೆಲೆಯ ನೆತ್ತಿಯ ಮೇಲೆ, ಅಂದರೆ ಅಮೆರಿಕದ ಅಧ್ಯಕ್ಷರ ವಿಮಾನ ನಿಲ್ಲುವ ಜಾಗ. ಅಲ್ಲಿಗೂ ಮುಗಿಯುವುದಿಲ್ಲ. ಮುಂದೆ ನೌಕಾಪಡೆ ವಿಮಾನಗಳನ್ನು ಪರೀಕ್ಷಿಸುವ ಪ್ಯಾಟಕ್ಸೆಂಟ್ ರಿವರ್ ನೆಲೆಯ ಮೇಲೂ ಹೋಗುತ್ತದೆ. ಹುಡುಕಿ ಎಳೆದರೂ ಇಷ್ಟು ಕೆಟ್ಟ ಗೆರೆ ಸಿಗುವುದಿಲ್ಲ!

ಇದು ಬರೀ ಕಾಗದದ ಮೇಲಿನ ಭಯ ಅಲ್ಲ. 2005ರ ಮೇ 11ರಂದು ಒಂದು ಪುಟ್ಟ ಸೆಸ್ನಾ 150 ಪೆನ್ಸಿಲ್ವೇನಿಯಾದ ಸ್ಮೋಕ್‌ಟೌನ್‌ನಿಂದ ನಾರ್ತ್ ಕೆರೊಲಿನಾದ ಲಂಬರ್ಟನ್‌ಗೆ ಹೊರಟಿತ್ತು. ದಾರಿ ತಪ್ಪಿ ವಾಷಿಂಗ್ಟನ್ನಿನ ಒಳಕ್ಕೆ ಬಂತು. ಶ್ವೇತಭವನ ಮತ್ತು ಸಂಸತ್ ಭವನದಿಂದ ಜನರನ್ನು ಓಡಿಸಿದರು. ಎಫ್-16ಗಳು ಎದ್ದು ಬಂದು ಎಚ್ಚರಿಕೆಗೆ ಬೆಂಕಿಯ ಫ್ಲೇರ್ ಉದುರಿಸಿದವು. ಕೊನೆಗೆ ಆ ವಿಮಾನವನ್ನು ಕರೆದೊಯ್ದು ಇಳಿಸಿದ್ದು ಎಲ್ಲಿ ಗೊತ್ತಾ? ನಿಮ್ಮ ಅಕ್ಕನ ಊರು ಫ್ರೆಡರಿಕ್‌ನಲ್ಲಿ.

ಈಗ ಆ ವೃತ್ತಗಳಿಗೆ ಬರೋಣ. ಎಲ್ಲವೂ ‘ನಿಷೇಧ’ ಅಂತ ಒಂದೇ ಚೀಲಕ್ಕೆ ತುಂಬಿಬಿಟ್ಟರೆ ತಲೆ ಕೆಡುತ್ತದೆ. ಒಂದೊಂದರ ಗುಣ ಒಂದೊಂದು.

‘ಪಿ’ ಅಂದರೆ ಪ್ರೊಹಿಬಿಟೆಡ್. ಒಳಗೆ ಹೋಗುವ ಹಾಗೇ ಇಲ್ಲ, ಚರ್ಚೆ ಇಲ್ಲ. ಫ್ರೆಡರಿಕ್‌ನ ಉತ್ತರಕ್ಕೆ ಸುಮಾರು 14 ಮೈಲಿ ದೂರದಲ್ಲಿ ಥರ್ಮಾಂಟ್ ಊರಿನ ಪಕ್ಕ ಪಿ-40 ಇದೆ. ಅದು ಅಧ್ಯಕ್ಷರ ವಿಶ್ರಾಂತಿ ತಾಣ ಕ್ಯಾಂಪ್ ಡೇವಿಡ್. ಮೂರು ಮೈಲಿ ಅರೆವ್ಯಾಸದ ವೃತ್ತ, ನೆಲದಿಂದ 5,000 ಅಡಿಯವರೆಗೆ. ಅದರ ಮೇಲೆ ಆರ್-4009 ಕೂತಿದೆ. ಅಧ್ಯಕ್ಷರು ಅಲ್ಲಿಗೆ ಬಂದಾಗ ವೃತ್ತ ಇನ್ನೂ ಹಿಗ್ಗುತ್ತದೆ. ನೀವು ಫ್ರೆಡರಿಕ್‌ನಲ್ಲಿ ರನ್‌ವೇ 30ರಿಂದ ಎದ್ದರೆ ಮೂಗು ವಾಯವ್ಯಕ್ಕಿರುತ್ತದೆ. ಹತ್ತುತ್ತಾ ಹತ್ತುತ್ತಾ ಮೈಮರೆತು ಬಲಕ್ಕೆ ಅರ್ಧ ತಿರುಗಿ ಹಾಗೇ ಹೋಗಬೇಡಿ.

‘ಆರ್’ ಅಂದರೆ ರಿಸ್ಟ್ರಿಕ್ಟೆಡ್. ಇದು ಬೇರೆ ಜಾತಿ. ಒಳಗೆ ಗುಂಡು ಹಾರಿಸುತ್ತಾರೆ, ಬಾಂಬ್ ಅಭ್ಯಾಸ ಮಾಡುತ್ತಾರೆ, ವಿಮಾನ ಪರೀಕ್ಷೆ ನಡೆಸುತ್ತಾರೆ. ಆದರೆ ಎಲ್ಲಾ ಹೊತ್ತಿನಲ್ಲೂ ಅಲ್ಲ, ಎಲ್ಲಾ ಎತ್ತರದಲ್ಲೂ ಅಲ್ಲ. ಚಾಲ್ತಿಯಲ್ಲಿ ಇಲ್ಲದಾಗ ಅದನ್ನು ನೋಡಿಕೊಳ್ಳುವ ಕಂಟ್ರೋಲರ್ ಒಳಗೆ ಬಿಡಬಹುದು. ಚಾರ್ಟಿನ ಅಂಚಿನಲ್ಲಿ ಒಂದು ಪಟ್ಟಿ ಇರುತ್ತದೆ. ಪ್ರತಿ ‘ಆರ್’ನ ಎತ್ತರ, ಸಮಯ, ಯಾರನ್ನು ಕೇಳಬೇಕು ಅನ್ನುವುದು ಅಲ್ಲಿದೆ. ಸಿಮ್ ಆಡುವವರಲ್ಲಿ ಬಹಳ ಜನ ಆ ಪಟ್ಟಿಯನ್ನು ನೋಡುವುದೇ ಇಲ್ಲ. ನಕ್ಷೆಯಲ್ಲಿ ನೀಲಿ ಹಲ್ಲು ಹಲ್ಲಿನ ಗೆರೆ ಕಂಡ ತಕ್ಷಣ ಇಪ್ಪತ್ತು ಮೈಲಿ ಬಳಸಿ ಹೋಗುತ್ತಾರೆ. ಕೆಲವು ಸಲ ಅದರ ಕೆಳಗೇ ಆರಾಮಾಗಿ ಹೋಗಬಹುದಿತ್ತು.

ಮೂರನೆಯದು ವಾಷಿಂಗ್ಟನ್ನಿನ ವಿಶೇಷ. ಎಸ್‌ಎಫ್‌ಆರ್‌ಎ (ವಿಶೇಷ ಹಾರಾಟ ನಿಯಮಗಳ ವಲಯ) ಅಂತ ಕರೆಯುತ್ತಾರೆ. ರೇಗನ್ ನಿಲ್ದಾಣದಲ್ಲಿರುವ ಡಿಸಿಎ ವಿಓಆರ್‌ನಿಂದ (ವಿಮಾನಗಳಿಗೆ ದಿಕ್ಕು ತಿಳಿಸುವ ರೇಡಿಯೋ ಕೇಂದ್ರ) 30 ಮೈಲಿ ಅರೆವ್ಯಾಸದ ವೃತ್ತದ ಒಳಗೆ, ನೆಲದಿಂದ 18,000 ಅಡಿಯ ತನಕ. 2003ರಲ್ಲಿ ಇದು ಶುರುವಾದಾಗ ಅದರ ಗಡಿ ಅಂಕುಡೊಂಕಾಗಿತ್ತು. ಪೈಲಟ್‌ಗಳು ಅದಕ್ಕೆ ಮಿಕ್ಕಿ ಮೌಸ್ ಅಂತಲೇ ಹೆಸರಿಟ್ಟಿದ್ದರು. 2007ರಲ್ಲಿ ಅದನ್ನು ದುಂಡಗೆ ಮಾಡಿದರು. 2009ರಲ್ಲಿ ಕಾಯಂ ಆಯಿತು. ಒಳಗೆ ಹೋಗುವುದಕ್ಕೆ ಅದಕ್ಕೆಂದೇ ಇರುವ ಫ್ಲೈಟ್ ಪ್ಲಾನ್ ಬೇಕು, ಟ್ರಾನ್ಸ್‌ಪಾಂಡರ್‌ಗೆ (ರಾಡಾರ್‌ಗೆ ವಿಮಾನದ ಗುರುತು ಕಳಿಸುವ ಉಪಕರಣ) ಕಂಟ್ರೋಲರ್ ಕೊಟ್ಟ ಪ್ರತ್ಯೇಕ ಕೋಡ್ ಬೇಕು, ರೇಡಿಯೋ ಸಂಪರ್ಕ ಬಿಡಬಾರದು. ವಿಎಫ್‌ಆರ್‌ನಲ್ಲಿ, ಅಂದರೆ ಕಣ್ಣಿನಿಂದ ಹೊರಗೆ ನೋಡಿಕೊಂಡು ಹಾರುವ ನಿಯಮದಲ್ಲಿ, 180 ನಾಟ್ ಮೀರಬಾರದು, ನಮ್ಮ 172ಗೆ ಆ ಚಿಂತೆ ಇಲ್ಲ ಬಿಡಿ. ಅದರ ನಡುವೆ ಇನ್ನೊಂದು ಒಳವಲಯ ಇದೆ, ಎಫ್‌ಆರ್‌ಝಡ್ (ಹಾರಾಟ ನಿರ್ಬಂಧಿತ ವಲಯ) ಅಂತ. ಮೊದಲೇ ತಪಾಸಣೆ ಮುಗಿಸಿ ಅನುಮತಿ ಪಡೆದವರನ್ನು ಬಿಟ್ಟರೆ ಮಾಮೂಲಿ ಸಣ್ಣ ವಿಮಾನಕ್ಕೆ ಅಲ್ಲಿ ಜಾಗವಿಲ್ಲ. ನಿಮ್ಮ ನೇರ ಗೆರೆ ಹೋಗಿದ್ದು ಸರಿಯಾಗಿ ಅದರೊಳಗೆ.

ನಾಲ್ಕನೆಯದು ಕ್ಲಾಸ್ ಬಿ, ಅಂದರೆ ದೊಡ್ಡ ನಿಲ್ದಾಣಗಳ ಸುತ್ತಲಿನ ನಿಯಂತ್ರಿತ ಆಕಾಶ. ವಾಷಿಂಗ್ಟನ್ನಿನ ಎರಡು ದೊಡ್ಡ ನಿಲ್ದಾಣ ಮತ್ತು ಬಾಲ್ಟಿಮೋರ್ ಸೇರಿಸಿ ಒಂದೇ ದೊಡ್ಡ ಕ್ಲಾಸ್ ಬಿ, ನೆತ್ತಿ 10,000 ಅಡಿಗೆ. ಇದು ನಿಷೇಧವೇ ಅಲ್ಲ. ‘ಕ್ಲಿಯರ್ಡ್ ಇಂಟು ಕ್ಲಾಸ್ ಬ್ರಾವೋ’ ಅಂತ ಕಂಟ್ರೋಲರ್ ಬಾಯಲ್ಲಿ ಬಂದರೆ ಹೋಗಬಹುದು. ಇದರ ಆಕಾರ ತಲೆಕೆಳಗಾದ ಮೆಟ್ಟಿಲಿನ ಹಾಗೆ. ನಿಲ್ದಾಣದ ಹತ್ತಿರ ನೆಲದವರೆಗೂ ಇಳಿದಿರುತ್ತದೆ, ದೂರ ಹೋದ ಹಾಗೆ ಅಡಿ ಮೇಲಕ್ಕೆ ಏರುತ್ತದೆ. ಚಾರ್ಟಿನಲ್ಲಿ ಒಂದರ ಕೆಳಗೆ ಒಂದು ಎರಡು ಅಂಕಿ ಕಾಣುತ್ತದಲ್ವಾ, ಮೇಲೆ 100, ಕೆಳಗೆ 25 ಅಂತಿದ್ದರೆ 2,500ರಿಂದ 10,000 ಅಡಿ ತನಕ ಕ್ಲಾಸ್ ಬಿ ಅಂತ ಅರ್ಥ. ಸರಿಯಾಗಿ 2,500ರಲ್ಲಿ ಹಾರಿದರೂ ಒಳಗಿದ್ದ ಹಾಗೇ. ಅಂಥ ಕಡೆ ಇನ್ನೂರು ಮುನ್ನೂರು ಅಡಿ ಕೆಳಗಿರಿ.

ಇಷ್ಟು ಗೊತ್ತಾದ ಮೇಲೆ ಬಹಳ ಜನ ಮಾಡುವ ಕೆಲಸ ಏನು ಅಂದರೆ, ಪ್ಲಾನರ್ ತೆರೆದು ವೃತ್ತಗಳ ಹೊರಗೆ ಚುಕ್ಕಿ ಇಡುತ್ತಾ ಹೋಗುತ್ತಾರೆ. ತೆರೆಯ ಮೇಲೆ ಅಂದವಾಗಿ ಕಾಣುತ್ತದೆ. ಗಾಳಿಗೆ ಎದ್ದ ಮೇಲೆ ಕಿಟಕಿಯಿಂದ ನೋಡಿದರೆ ಒಂದು ಚುಕ್ಕಿಯೂ ಕಾಣುವುದಿಲ್ಲ, ಹೊಲ, ಮರ, ಮನೆ ಅಷ್ಟೇ. ನನ್ನ ಅಭಿಪ್ರಾಯದಲ್ಲಿ ಕ್ರಮ ತಿರುಗಬೇಕು. ನಿರ್ಬಂಧದ ಗಡಿ ನೆಲದ ಮೇಲೆ ಕಾಣುವುದಿಲ್ಲ. ಆದ್ದರಿಂದ ಗಡಿಗಿಂತ ಮೊದಲೇ ಸಿಗುವ, ಕಣ್ಣಿಗೆ ಹೊಡೆಯುವ ಒಂದು ಗುರುತನ್ನು ಆರಿಸಿ. ನದಿ, ಹೆದ್ದಾರಿ, ಅಣೆಕಟ್ಟು, ದೊಡ್ಡ ಸೇತುವೆ. ‘ಇದನ್ನು ದಾಟಿದೆನೋ, ತಪ್ಪಿದೆ’ ಅಂತ ಹೇಳಿಕೊಳ್ಳುವಂಥದ್ದು ಪ್ರತಿ ಹಂತಕ್ಕೂ ಒಂದಿರಲಿ. ದಾರಿ ಹಾಕುವುದು ಅಂದರೆ ಹೆಚ್ಚುಪಾಲು ಇದೇ.

ಬೇಕಾದ ಸಾಮಾನು ಎಲ್ಲ ಬಿಟ್ಟಿ. ಸ್ಕೈವೆಕ್ಟರ್ ಅನ್ನುವ ಜಾಲತಾಣದಲ್ಲಿ ವಾಷಿಂಗ್ಟನ್ ಸೆಕ್ಷನಲ್ ಚಾರ್ಟ್ ಇದೆ, ಬಾಲ್ಟಿಮೋರ್-ವಾಷಿಂಗ್ಟನ್ ಟರ್ಮಿನಲ್ ಏರಿಯಾ ಚಾರ್ಟೂ ಇದೆ. ಎರಡನೆಯದು ದೊಡ್ಡ ಅಳತೆಯದು, ಕ್ಲಾಸ್ ಬಿ ಹತ್ತಿರ ಅದನ್ನೇ ನೋಡಿ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಈ ಚಾರ್ಟುಗಳನ್ನು 56 ದಿನಕ್ಕೊಮ್ಮೆ ಹೊಸದು ಮಾಡುತ್ತದೆ, ಹಾಗಾಗಿ ಎಂದೋ ಇಳಿಸಿಕೊಂಡ ಚಿತ್ರ ನಂಬಬೇಡಿ. ಲಿಟಲ್ ನ್ಯಾವ್‌ಮ್ಯಾಪ್ ಅನ್ನುವ ಉಚಿತ ಪ್ರೋಗ್ರಾಂ ಸಿಮ್‌ಗೆ ಜೋಡಿಸಿಕೊಂಡರೆ ವಿಮಾನ ಎಲ್ಲಿದೆ ಅಂತ ನಕ್ಷೆಯ ಮೇಲೇ ತೋರಿಸುತ್ತದೆ. ಆದರೆ ಹಾರುವಾಗ ಅದನ್ನು ಮುಚ್ಚಿಡಿ. ಇಳಿದ ಮೇಲೆ ತೆರೆದು ನಿಮ್ಮ ಜಾಡು ನೋಡಿ. ನೆಲ ನೋಡಿ ಹಾರುವುದನ್ನು ಕಲಿಯುವ ಆಸೆ ಇದ್ದರೆ ಇದೇ ಸರಿ.

ಈಗ ದಾರಿ. ನಾನು ಸೂಚಿಸುವುದು ಹೀಗೆ: ಫ್ರೆಡರಿಕ್, ವೆಸ್ಟ್‌ಮಿನ್‌ಸ್ಟರ್, ಕೊನೊವಿಂಗೊ ಅಣೆಕಟ್ಟು, ಚೆಸಪೀಕ್ ಸಿಟಿ, ಚೆಸ್ಟರ್‌ಟೌನ್, ಈಸ್ಟನ್, ಕೇಂಬ್ರಿಡ್ಜ್, ವಿಯೆನ್ನಾ, ಪ್ರಿನ್ಸೆಸ್ ಆ್ಯನ್, ಕ್ರಿಸ್‌ಫೀಲ್ಡ್, ಟ್ಯಾಂಜಿಯರ್. ಒಟ್ಟು ಸುಮಾರು 195 ಮೈಲಿ. ಅಂದರೆ ವಾಷಿಂಗ್ಟನ್, ಬಾಲ್ಟಿಮೋರ್ ಎರಡನ್ನೂ ಉತ್ತರದಿಂದ ಬಳಸಿ, ಕೊಲ್ಲಿಯ ತಲೆಯ ಮೇಲೆ ಹಾದು, ಪೂರ್ವ ದಡದ ಮೇಲೆ ದಕ್ಷಿಣಕ್ಕೆ ಇಳಿಯುವುದು. ನೇರ ಗೆರೆಗಿಂತ 80 ಮೈಲಿ ಜಾಸ್ತಿ. 110 ನಾಟ್ ವೇಗ ಹಿಡಿದರೆ ಮುಕ್ಕಾಲು ಗಂಟೆ, ಆರೇಳು ಗ್ಯಾಲನ್ ಪೆಟ್ರೋಲ್ ಹೆಚ್ಚು. 172 ಎಸ್‌ನಲ್ಲಿ ಬಳಸಬಹುದಾದ ಇಂಧನ 53 ಗ್ಯಾಲನ್. ಏನೂ ತೊಂದರೆ ಇಲ್ಲ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.

ಎತ್ತರ 2,500 ಅಡಿ. ವೆಸ್ಟ್‌ಮಿನ್‌ಸ್ಟರ್ ಸುತ್ತ ನೆಲವೇ 800 ಅಡಿ ಹತ್ತಿರ ಇದೆ, ಇದಕ್ಕಿಂತ ಕೆಳಗೆ ಹೋದರೆ ಗೋಪುರಗಳ ಕಾಟ. ಚಾರ್ಟಿನ ಪ್ರತಿ ಚೌಕದಲ್ಲಿ ಒಂದು ದೊಡ್ಡ ನೀಲಿ ಅಂಕಿ, ಪಕ್ಕದಲ್ಲಿ ಒಂದು ಚಿಕ್ಕ ಅಂಕಿ ಇರುತ್ತದೆ. 2 ಮತ್ತು ಚಿಕ್ಕ 1 ಅಂದರೆ ಆ ಚೌಕದ ಅತಿ ಎತ್ತರದ ಅಡ್ಡಿಗಳೆಲ್ಲ 2,100 ಅಡಿಯೊಳಗೆ. ಅದನ್ನು ಒಮ್ಮೆ ನೋಡಿಕೊಂಡು ಎತ್ತರ ಖಚಿತ ಮಾಡಿ. ಪೂರ್ವಕ್ಕೆ ಬೆಸ, ಪಶ್ಚಿಮಕ್ಕೆ ಸಮ ಸಾವಿರ, ಜೊತೆಗೆ 500 ಅನ್ನುವ ವಿಎಫ್‌ಆರ್ ನಿಯಮ ನೆಲದಿಂದ 3,000 ಅಡಿ ಮೇಲೆ ಹೋದಾಗ ಮಾತ್ರ. ಇಲ್ಲಿ ಅದು ಅನ್ವಯವಾಗುವುದಿಲ್ಲ.

ಮೊದಲ ಹಂತ 20 ಮೈಲಿ, ಈಶಾನ್ಯಕ್ಕೆ. ಇಲ್ಲಿ ಒಂದು ಆಮಿಷ ಇದೆ. ಫ್ರೆಡರಿಕ್‌ನಿಂದ ಐ-70 ಹೆದ್ದಾರಿ ನೇರ ಬಾಲ್ಟಿಮೋರ್‌ಗೆ ಹೋಗುತ್ತದೆ. ಅಗಲವಾಗಿದೆ, ಎಲ್ಲಿಂದಲೂ ಕಾಣುತ್ತದೆ. ‘ಇದನ್ನೇ ಹಿಡಿದರಾಯಿತಲ್ಲ’ ಅನಿಸುತ್ತದೆ. ಆದರೆ ಮೌಂಟ್ ಏರಿ ದಾಟಿ ಲಿಸ್ಬನ್ ಹತ್ತಿರ ಬರುವಷ್ಟರಲ್ಲಿ ಆ ರಸ್ತೆ 30 ಮೈಲಿ ವೃತ್ತದ ಒಳಗೆ ನುಗ್ಗಿರುತ್ತದೆ. ಹಾಗಾಗಿ ಐ-70 ನಿಮ್ಮ ದಾರಿ ಅಲ್ಲ, ನಿಮ್ಮ ಬೇಲಿ. ಅದು ಯಾವಾಗಲೂ ಬಲಗಡೆ, ದೂರದಲ್ಲಿ ಇರಬೇಕು. ಎಡಗಡೆ ಯೂನಿಯನ್ ಬ್ರಿಡ್ಜ್ ಊರಿನ ಸಿಮೆಂಟ್ ಕಾರ್ಖಾನೆ ಹುಡುಕಿ. ಹಸಿರು ಹೊಲದ ನಡುವೆ ದೊಡ್ಡ ಕಲ್ಲುಗಣಿ, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಅದಾದ ಮೇಲೆ ವೆಸ್ಟ್‌ಮಿನ್‌ಸ್ಟರ್‌ನ ರನ್‌ವೇ ಸಿಗುತ್ತದೆ.

ಈ ಹಂತದಲ್ಲೂ ಮುಂದಿನದರಲ್ಲೂ ಒಂದು ಸುಲಭ ಕಾವಲು ಇದೆ. ಆ ವೃತ್ತ ಇರುವುದೇ ಡಿಸಿಎ ವಿಓಆರ್‌ನಿಂದ ಅಳೆದು. ಹಾಗಿದ್ದ ಮೇಲೆ ನೀವೂ ಅದನ್ನೇ ಅಳೆಯಿರಿ. ನ್ಯಾವ್ ರೇಡಿಯೋದಲ್ಲಿ 111.0 ಹಾಕಿ ಡಿಎಂಇ (ಆ ಕೇಂದ್ರದಿಂದ ಎಷ್ಟು ದೂರ ಅಂತ ತೋರಿಸುವ ಉಪಕರಣ) ದೂರ ನೋಡಿ. ಜಿ1000 (ಡಿಜಿಟಲ್ ಪರದೆಗಳ ಉಪಕರಣ ಫಲಕ) ಇರುವ 172 ಆದರೆ ಬೇರಿಂಗ್ ಪಾಯಿಂಟರ್ ಆನ್ ಮಾಡಿದರೆ ಪಕ್ಕದಲ್ಲೇ ದೂರ ಬರುತ್ತದೆ. ಫ್ರೆಡರಿಕ್‌ನಲ್ಲಿ ಸುಮಾರು 37 ತೋರಿಸಬೇಕು. ಅದು 33ಕ್ಕಿಂತ ಕೆಳಗೆ ಬರಕೂಡದು ಅಂತ ಇಟ್ಟುಕೊಳ್ಳಿ. ನೆಲ ನೋಡಿ ಹಾರುತ್ತೇನೆ ಅಂತ ರೇಡಿಯೋ ಮುಟ್ಟಬಾರದು ಅಂತೇನಿಲ್ಲ. ಕಣ್ಣು ದಾರಿಗೆ, ಡಿಎಂಇ ಬೇಲಿಗೆ.

ಎರಡನೇ ಹಂತ ಉದ್ದ, 39 ಮೈಲಿ, ಹೆಚ್ಚು ಕಡಿಮೆ ನೇರ ಪೂರ್ವಕ್ಕೆ. ಇಲ್ಲಿ ಗಾಳಿಯ ಲೆಕ್ಕ ಬೇಕು. ಲೈವ್ ವೆದರ್ ಹಾಕಿದ್ದೀರಿ, ವಾಯವ್ಯದಿಂದ 20 ನಾಟ್ ಗಾಳಿ ಇದೆ ಅಂದುಕೊಳ್ಳಿ. ಅದರಲ್ಲಿ ನಿಮ್ಮನ್ನು ಪಕ್ಕಕ್ಕೆ ತಳ್ಳುವ ಪಾಲು 16 ನಾಟ್ ಆಸುಪಾಸು. ಈ ಹಂತ ಮುಗಿಸಲು 20 ನಿಮಿಷ ಬೇಕು. ಮೂಗನ್ನು ಗಾಳಿಗೆ ತಿರುಗಿಸದೆ ಸುಮ್ನೆ ಹೆಡಿಂಗ್ ಹಿಡಿದು ಕೂತರೆ ಐದು ಮೈಲಿಗಿಂತ ಹೆಚ್ಚು ದಕ್ಷಿಣಕ್ಕೆ ಜಾರಿರುತ್ತೀರಿ. ದಕ್ಷಿಣದಲ್ಲಿ ಏನಿದೆ? ಮೊದಲು ಬಾಲ್ಟಿಮೋರ್‌ನ ಕ್ಲಾಸ್ ಬಿ, ಮುಂದೆ ಆಬರ್ಡೀನ್. ಆದ್ದರಿಂದ ನಿರ್ಬಂಧಿತ ಜಾಗದಿಂದ ಎಲ್ಲಾ ಕಡೆ ಒಂದೇ ಸಮ ಎರಡು ಮೈಲಿ ದೂರ ಅಂತ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಗಾಳಿ ನಿಮ್ಮನ್ನು ಅದರ ಕಡೆಗೆ ತಳ್ಳುತ್ತಿದ್ದರೆ ಐದು ಮೈಲಿ ಬಿಡಿ. ಅದರಿಂದ ಆಚೆಗೆ ತಳ್ಳುತ್ತಿದ್ದರೆ ಎರಡು ಸಾಕು. ಇನ್ನೊಂದು ಬಾಯಿಲೆಕ್ಕ: 60 ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ಪಕ್ಕ. 39 ಮೈಲಿಯಲ್ಲಿ ಹತ್ತು ಡಿಗ್ರಿ ತಪ್ಪಿದರೆ ಆರೂವರೆ ಮೈಲಿ. ಮೇರಿಲ್ಯಾಂಡ್‌ನಲ್ಲಿ ದಿಕ್ಸೂಚಿ ನಿಜವಾದ ಉತ್ತರಕ್ಕಿಂತ ಸುಮಾರು 11 ಡಿಗ್ರಿ ಪಶ್ಚಿಮಕ್ಕೆ ತೋರಿಸುತ್ತದೆ. ನಕ್ಷೆಯಲ್ಲಿ ಅಳೆದ ದಿಕ್ಕಿಗೆ 11 ಕೂಡಿಸದೆ ಹಾಗೇ ಹಾರಿದವರ ಗತಿ ಏನು ಅಂತ ನೀವೇ ಗುಣಿಸಿ ನೋಡಿ. (ಇಲ್ಲಿ ತಪ್ಪಿದರೆ ಉತ್ತರಕ್ಕೆ ಹೋಗುತ್ತೀರಿ, ಅದೊಂದು ಪುಣ್ಯ.)

ದಾರಿಯಲ್ಲಿ ಎಡಕ್ಕೆ ಪ್ರೆಟಿಬಾಯ್ ಜಲಾಶಯ, ಬೆರಳು ಬೆರಳಾಗಿ ಚಾಚಿಕೊಂಡ ನೀರು. ಸ್ವಲ್ಪ ಮುಂದೆ ಉತ್ತರ-ದಕ್ಷಿಣವಾಗಿ ಐ-83 ಹೆದ್ದಾರಿ ಅಡ್ಡ ಬರುತ್ತದೆ. ಇವೆರಡೂ ಸರಿಯಾದ ಜಾಗದಲ್ಲಿ ಸಿಕ್ಕರೆ ಗಾಳಿಯ ಲೆಕ್ಕ ಸರಿ ಇದೆ. ಇಲ್ಲದಿದ್ದರೆ ಇಲ್ಲೇ ತಿದ್ದಿಕೊಳ್ಳಿ. ಈ ಹಂತದ ಬೇಲಿ ಐ-95. ಬಾಲ್ಟಿಮೋರ್‌ನಿಂದ ಈಶಾನ್ಯಕ್ಕೆ ಹೋಗುವ ದೊಡ್ಡ ಹೆದ್ದಾರಿ. ಅದರ ಆಚೆ, ಕೊಲ್ಲಿಯ ದಡದಲ್ಲಿ ಆಬರ್ಡೀನ್ ಪ್ರೂವಿಂಗ್ ಗ್ರೌಂಡ್. 1917ರಿಂದ ಅಮೆರಿಕದ ಸೇನೆ ಫಿರಂಗಿ, ಮದ್ದುಗುಂಡು ಪರೀಕ್ಷೆ ಮಾಡುವ ಜಾಗ. ಆರ್-4001 ಎ ಮತ್ತು ಬಿ ಅದರದ್ದೇ. ಸಸ್ಕ್ವೆಹಾನ ನದಿ ದಾಟುವ ತನಕ ಐ-95 ದಾಟಬಾರದು. ಇಷ್ಟು ನೆನಪಿದ್ದರೆ ಆಬರ್ಡೀನ್ ನಿಮ್ಮ ತಂಟೆಗೆ ಬರುವುದಿಲ್ಲ.

ಸಸ್ಕ್ವೆಹಾನ ದೊಡ್ಡ ನದಿ, ಎದುರಿಗೆ ಅಡ್ಡ ಮಲಗಿರುತ್ತದೆ. ಅದರ ಮೇಲೆ ಕೊನೊವಿಂಗೊ ಅಣೆಕಟ್ಟು. ಕಾಣಲಿಲ್ಲವಾ? ನದಿ ಸಿಕ್ಕಿತಲ್ಲ, ಸಾಕು. ಬಲಕ್ಕೆ ನೋಡಿ. ಬಲಗಡೆ ನೀರು ಕೊಲ್ಲಿಯಾಗಿ ಅಗಲವಾಗುತ್ತಿದ್ದರೆ, ಸಾಲು ಸೇತುವೆಗಳು ಹತ್ತಿರ ಇದ್ದರೆ, ನೀವು ದಕ್ಷಿಣಕ್ಕೆ ಬಂದಿದ್ದೀರಿ, ಎಡಕ್ಕೆ ತಿರುಗಿ ನದಿ ಹಿಡಿದು ಮೇಲಕ್ಕೆ ಹೋಗಿ. ಎಡಗಡೆ ನದಿಯ ದಡದಲ್ಲಿ ಅಣು ವಿದ್ಯುತ್ ಸ್ಥಾವರ ಕಂಡರೆ ಅದು ಪೀಚ್ ಬಾಟಮ್, ನೀವು ಉತ್ತರಕ್ಕೆ ಹೋಗಿದ್ದೀರಿ. ಅದರ ಮೇಲೆ ಸುತ್ತು ಹಾಕಬೇಡಿ. ಅಣು ಸ್ಥಾವರಗಳ ಮೇಲೆ ಸುಳಿದಾಡಬೇಡಿ ಅಂತ ಪೈಲಟ್‌ಗಳಿಗೆ ಸೂಚನೆಯೇ ಇದೆ.

ಅಣೆಕಟ್ಟಿನಿಂದ ಚೆಸ್ಟರ್‌ಟೌನ್‌ಗೆ ನೇರ ಹೋಗಬಹುದಲ್ಲ, ಮಧ್ಯೆ ಚೆಸಪೀಕ್ ಸಿಟಿ ಯಾಕೆ ಅಂತ ಕೇಳಬಹುದು. ಗೆರೆ ಎಳೆದು ನೋಡಿ. ಅದು ಆಬರ್ಡೀನ್ ಮೇಲೇ ಬೀಳುತ್ತದೆ. ಪ್ಲಾನರ್‌ನಲ್ಲಿ ಎರಡೂ ಚುಕ್ಕಿ ಹೊರಗೇ ಇರುತ್ತವೆ, ನಡುವಿನ ಗೆರೆ ಒಳಗೆ ಹೋಗಿರುತ್ತದೆ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಅಣೆಕಟ್ಟಿನಿಂದ ಆಗ್ನೇಯಕ್ಕೆ 18 ಮೈಲಿ ಹೋಗಿ. ಈಗ ಐ-95 ದಾಟಬಹುದು, ನದಿ ಹಿಂದೆ ಬಿತ್ತಲ್ಲ. ಚೆಸಪೀಕ್ ಕೊಲ್ಲಿಯನ್ನೂ ಡೆಲಾವೇರ್ ನದಿಯನ್ನೂ ಸೇರಿಸುವ ನೇರ ಕಾಲುವೆ ಕಾಣುತ್ತದೆ. ಅದರ ಮೇಲೆ ಎತ್ತರದ ಕಮಾನು ಸೇತುವೆ. ಅದೇ ಚೆಸಪೀಕ್ ಸಿಟಿ. ಸಿಮ್‌ನಲ್ಲಿ ಬಹಳ ಚೆನ್ನಾಗಿ ಕಾಣುವ ಗುರುತು.

ಇಲ್ಲಿಂದ ಮುಂದೆ ಕಷ್ಟವೇ ಇಲ್ಲ, ರಸ್ತೆಗಳೇ ಕೈ ಹಿಡಿದು ನಡೆಸುತ್ತವೆ. ಆ ಸೇತುವೆಯ ಮೇಲೆ ಹಾಯುವ ರಸ್ತೆ 213. ಅದು ಗಲೀನಾ, ಚೆಸ್ಟರ್‌ಟೌನ್ ಮೇಲೆ ಹೋಗಿ ವೈ ಮಿಲ್ಸ್ ಹತ್ತಿರ ಯುಎಸ್-50ಗೆ ಕೂಡುತ್ತದೆ. ಯುಎಸ್-50 ನಾಲ್ಕು ಪಥದ ಹೆದ್ದಾರಿ, ಈಸ್ಟನ್ ಪಕ್ಕ ಹಾದು, ಕೇಂಬ್ರಿಡ್ಜ್‌ನಲ್ಲಿ ಚಾಪ್‌ಟ್ಯಾಂಕ್ ನದಿಯನ್ನು ಉದ್ದ ಸೇತುವೆಯಲ್ಲಿ ದಾಟಿ, ವಿಯೆನ್ನಾದಲ್ಲಿ ನ್ಯಾಂಟಿಕೋಕ್ ನದಿ ದಾಟುತ್ತದೆ. ಈಸ್ಟನ್‌ನಲ್ಲಿ ಕಂಟ್ರೋಲ್ ಟವರ್ ಇದೆ, ಅವರ ಕ್ಲಾಸ್ ಡಿ (ಟವರ್ ನೋಡಿಕೊಳ್ಳುವ ಸುತ್ತಲಿನ ಆಕಾಶ) ಒಳಗೆ ಹೋಗುವ ಮೊದಲು ಮಾತಾಡಿ, ಇಲ್ಲವೇ ಪಕ್ಕದಲ್ಲಿ ಹೋಗಿ. ಕೊಲ್ಲಿಯ ಅಂದ ನೋಡೋಣ ಅಂತ ಬಲಕ್ಕೆ ಬೇ ಬ್ರಿಡ್ಜ್ ಕಡೆ ಹೋಗುವ ಮನಸ್ಸಾದರೆ ಹುಷಾರು. ಸೇತುವೆಯ ಪಶ್ಚಿಮ ತುದಿ 30 ಮೈಲಿ ವೃತ್ತದ ಅಂಚಿಗೇ ಇದೆ. ಪೂರ್ವ ತುದಿಯ ಕೆಂಟ್ ದ್ವೀಪದ ತನಕ ಹೋಗಿ ತಿರುಗಿ.

ಕೇಂಬ್ರಿಡ್ಜ್ ದಾಟಿದ ಮೇಲೆ ಪ್ಯಾಟಕ್ಸೆಂಟ್ ರಿವರ್‌ನ ‘ಆರ್’ಗಳ ಗುಂಪು. ಇಲ್ಲೇ ನಾನು ಮೊದಲು ಹೇಳಿದ ಪಟ್ಟಿ ಬೇಕಾಗುವುದು. ಆರ್-4006 ನಕ್ಷೆಯಲ್ಲಿ ದೊಡ್ಡ ಜಾಗ ನುಂಗಿದೆ, ನೋಡಿದರೆ ದಾರಿಯೇ ಮುಚ್ಚಿತು ಅನಿಸುತ್ತದೆ. ಆದರೆ ಅದು ಶುರುವಾಗುವುದೇ 3,500 ಅಡಿಯಿಂದ. ನೀವು 2,500ರಲ್ಲಿದ್ದೀರಿ. ಕೆಳಗೇ ಹೋಗಿ, ಯಾರನ್ನೂ ಕೇಳಬೇಕಾಗಿಲ್ಲ. ಮೋಡ ಚೆನ್ನಾಗಿದೆ ಅಂತ ಮೇಲೆ ಹತ್ತಬೇಡಿ ಅಷ್ಟೇ. ಆರ್-4005, ಬ್ಲಡ್ಸ್‌ವರ್ತ್ ದ್ವೀಪದ ಆರ್-4002 ಹಾಗಲ್ಲ, ಅವು ನೆಲಮಟ್ಟದಿಂದಲೇ ಇವೆ. ಕೇಂಬ್ರಿಡ್ಜ್‌ನಿಂದ ಕ್ರಿಸ್‌ಫೀಲ್ಡ್‌ಗೆ ನೇರ ಹೋದರೆ ಒಂಬತ್ತು ಮೈಲಿ ಉಳಿಯುತ್ತದೆ, ಆದರೆ ಆ ಗೆರೆ ಜೌಗು ನೆಲದ ಮೇಲೆ ಬ್ಲಡ್ಸ್‌ವರ್ತ್ ಹತ್ತಿರಕ್ಕೆ ಎಳೆಯುತ್ತದೆ. ಜೌಗಿನಲ್ಲಿ ಎಲ್ಲಾ ಒಂದೇ ಥರ ಕಾಣುತ್ತದೆ, ಗುರುತು ಅಂತ ಏನೂ ಇಲ್ಲ. ಒಂಬತ್ತು ಮೈಲಿಗಾಗಿ ಅಷ್ಟು ಪಾಡು ಬೇಡ. ವಿಯೆನ್ನಾ ಸೇತುವೆಯಿಂದ ಆಗ್ನೇಯಕ್ಕೆ ತಿರುಗಿ. ನಡುವೆ ಹಿಡಿಯಲು ರಸ್ತೆ ಇಲ್ಲ, ವೈಕಾಮಿಕೊ ನದಿ ಒಂದು ಅಡ್ಡ ಬರುತ್ತದೆ. ಆದರೆ ಎದುರಿಗೆ ಯುಎಸ್-13 ಹೆದ್ದಾರಿ ಉತ್ತರ-ದಕ್ಷಿಣವಾಗಿ ಅಡ್ಡ ಇದೆ. ಆಚೀಚೆ ಎಷ್ಟೇ ಜಾರಿದರೂ ಅದು ಸಿಕ್ಕೇ ಸಿಗುತ್ತದೆ. ಅದನ್ನು ಹಿಡಿದು ದಕ್ಷಿಣಕ್ಕೆ ಬಂದರೆ ಪ್ರಿನ್ಸೆಸ್ ಆ್ಯನ್, ಅದರಾಚೆ ಬಲಕ್ಕೆ ಕವಲೊಡೆಯುವ ರಸ್ತೆ 413 ಹಿಡಿದರೆ ಕ್ರಿಸ್‌ಫೀಲ್ಡ್‌ನಲ್ಲಿ ಭೂಮಿ ಮುಗಿಯುತ್ತದೆ.

ಮುಂದೆ 12 ಮೈಲಿ ನೀರು. 2,500 ಅಡಿಯಿಂದ ಎಂಜಿನ್ ನಿಂತರೆ 172 ನಾಲ್ಕು ಮೈಲಿಯೂ ತೇಲುವುದಿಲ್ಲ. ಸಿಮ್‌ನಲ್ಲಿ ಒದ್ದೆಯಾಗುವವರು ಯಾರೂ ಇಲ್ಲ. ಆದರೂ ಆ ಲೆಕ್ಕ ತಲೆಯಲ್ಲಿರಲಿ. ಮೇಲೆ ಆರ್-4006 ಇರುವುದರಿಂದ ಬೇಕಾದಷ್ಟು ಹತ್ತುವ ಹಾಗೂ ಇಲ್ಲ. ಟ್ಯಾಂಜಿಯರ್ ಚಪ್ಪಟೆ ದ್ವೀಪ, ಏಡಿ ಹಿಡಿಯುವವರ ಊರು. ರನ್‌ವೇ 2 ಮತ್ತು 20, ಉದ್ದ ಸುಮಾರು 2,400 ಅಡಿ. ಪೆಟ್ರೋಲ್ ಸಿಗುವುದಿಲ್ಲ, ವಾಪಸ್ ಹೋಗುವಷ್ಟು ಉಳಿಸಿಕೊಂಡಿರಿ. ದ್ವೀಪಕ್ಕೆ ಅಂಟಿಕೊಂಡ ಹಾಗೆ ಆರ್-6609 ಇದೆ. ಇಳಿಯುವ ಮುನ್ನ ಸುತ್ತು ಹಾಕುವಾಗ ಅಗಲವಾಗಿ ಹೋಗಿ ಅದರೊಳಗೆ ಬೀಳಬೇಡಿ. ಚಾರ್ಟಿನಲ್ಲಿ ಅದರ ಗಡಿ ಮತ್ತು ರನ್‌ವೇ ನಡುವಿನ ಅಂತರ ಮೊದಲೇ ಅಳೆದಿಡಿ.

ನಿಮ್ಮ ಪತ್ರದಲ್ಲಿ ಒಂದು ಮಾತಿತ್ತು, ಸಿಮ್‌ನಲ್ಲಿ ಯಾರೂ ತಡೆಯುವುದಿಲ್ಲ ಅಂತ. ಒಬ್ಬರೇ ಹಾರುವಾಗ ಹೌದು, ಎಫ್-16 ಬರುವುದಿಲ್ಲ. ಹೊತ್ತಿಗೆ ತಕ್ಕ ಹಾಗೆ ಬರುವ ತಾತ್ಕಾಲಿಕ ನಿರ್ಬಂಧಗಳಂತೂ ಸಿಮ್‌ಗೆ ಗೊತ್ತೇ ಇರುವುದಿಲ್ಲ. ಬೇಕಿದ್ದರೆ ಎಫ್‌ಎಎ ತಾಣದಲ್ಲಿ ಆ ದಿನದ ಪಟ್ಟಿ ನೋಡಿ, ಅದನ್ನೂ ಪಾಲಿಸಿ ಹಾರಿ. ಕ್ಯಾಂಪ್ ಡೇವಿಡ್ ವೃತ್ತ ಹಿಗ್ಗಿದ ದಿನ ಫ್ರೆಡರಿಕ್‌ನಿಂದ ಹೊರಡುವುದೇ ಬೇರೆ ಆಟ. ವ್ಯಾಟ್ಸಿಮ್‌ನಂಥ ಜಾಲದಲ್ಲಿ ಹಾರುವಾಗ ಮಾತ್ರ ಆ ಕಡೆ ನಿಜವಾದ ಮನುಷ್ಯ ಕಂಟ್ರೋಲರ್ ಆಗಿ ಕೂತಿರಬಹುದು. ಅವರ ಸ್ಥಳೀಯ ನಿಯಮ ಓದಿಕೊಂಡೇ ಹೋಗಿ.

ಈ ಸುತ್ತು ದಾರಿ ಒಮ್ಮೆ ಕೈಗೆ ಹತ್ತಿದ ಮೇಲೆ ವಾಪಸ್ ಬರುವಾಗ ಇನ್ನೊಂದು ಥರ ಪ್ರಯತ್ನಿಸಬಹುದು. ಎಸ್‌ಎಫ್‌ಆರ್‌ಎ ಒಳಗಿನಿಂದಲೇ, ಎಫ್‌ಆರ್‌ಝಡ್ ಮುಟ್ಟದೆ ಬರುವುದು. ಅದಕ್ಕೆ ಪ್ಲಾನ್ ಸಲ್ಲಿಸಿ, ವೃತ್ತದ ಹೊರಗೇ ಆ ಭಾಗದ ಕಂಟ್ರೋಲರ್‌ಗಳಾದ ಪೊಟೊಮ್ಯಾಕ್ ಅಪ್ರೋಚ್ ಅನ್ನು ಕರೆಯಿರಿ. ಅವರು ಕೋಡ್ ಕೊಡುತ್ತಾರೆ. ಕೋಡ್ ಟ್ರಾನ್ಸ್‌ಪಾಂಡರ್‌ನಲ್ಲಿ ಹಾಕಿ, ಅದು ತಮಗೆ ಕಾಣುತ್ತಿದೆ ಅಂತ ಅವರು ಹೇಳಿದ ಮೇಲೆ ಒಳಗೆ ಹೋಗಿ. ಕೋಡ್ ಸಿಕ್ಕಿತು ಅಂದ ಮಾತ್ರಕ್ಕೆ ಕ್ಲಾಸ್ ಬಿ ಒಳಗೆ ಹೋಗುವ ಅನುಮತಿ ಸಿಕ್ಕಿದ ಹಾಗಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಕೊಡದಿದ್ದರೆ ಅದರ ಮೆಟ್ಟಿಲಿನ ಕೆಳಗೇ ಹಾರಬೇಕು. ಮತ್ತೆ ಡಿಎಂಇ 30 ದಾಟುವ ತನಕ ಮಾಮೂಲಿ 1200 ಕೋಡ್‌ಗೆ ಬೆರಳು ಹೋಗಬಾರದು.